ಶಾಲೆ ಹತ್ತಿರದ ಸಿಗ್ನಲ್: ಗಾಡಿ ಎಣಿಸೋದು ಯಾವಾಗ?

ನಮಸ್ಕಾರ್ರಿ. ವಿಜಯಪುರದಲ್ಲಿ ಶಾಲೆ ಪಕ್ಕದ ಸಿಗ್ನಲ್‌ನಲ್ಲಿ 11ರಿಂದ 12ರವರೆಗೆ ಗಾಡಿ ಎಣಿಸಿದಿರಿ, ದಟ್ಟಣೆ ಕಾಣಲೇ ಇಲ್ಲ, ಲೆಕ್ಕ ಎಲ್ಲಿ ತಪ್ಪಿತು ಅಂತ ಕೇಳಿದ್ದೀರಿ. ಲೆಕ್ಕ ತಪ್ಪಿಲ್ಲ, ಹೊತ್ತು ತಪ್ಪಿದೆ. ಶಾಲೆ ಗಂಟೆಯ ಹಿಂದೆ ಮುಂದೆ ಸೇರಿ ಒಂದು ತಾಸು ಎಣಿಸಿ. 15 ನಿಮಿಷಕ್ಕೊಂದು ಹಾಳೆ ಮಾಡಿ.

ನಾಲ್ಕು ಹಾಳೆಯಲ್ಲಿ 150, 200, 400, 250 ಬಂತು ಅನ್ನಿ. ಒಟ್ಟು 1000. ಆದರೆ ಆ 400ರ ರಭಸ ತಾಸಿಡೀ ಇದ್ದಿದ್ದರೆ 1600 ಆಗುತ್ತಿತ್ತು. 1000ವನ್ನು 1600ರಿಂದ ಭಾಗಿಸಿದರೆ 0.625. ಇದೇ ಪೀಕ್ ಅವರ್ ಫ್ಯಾಕ್ಟರ್. 1ಕ್ಕಿಂತ ಕೆಳಗೆ ಇಳಿದಷ್ಟೂ ಗಾಡಿಗಳು ಒಮ್ಮೆಲೇ ನುಗ್ಗಿವೆ ಅಂತ ಅರ್ಥ.

ಬೈಕು, ಬಸ್ಸು ಎರಡನ್ನೂ ಒಂದೊಂದು ಅಂತ ಸುಮ್ನೆ ಕೂಡಿಸಬೇಡಿ. ಪಿಸಿಯುಗೆ (ಪ್ಯಾಸೆಂಜರ್ ಕಾರ್ ಯುನಿಟ್, ಅಂದ್ರೆ ಒಂದು ಗಾಡಿ ಎಷ್ಟು ಕಾರಿಗೆ ಸಮ ಅನ್ನೋ ಅಳತೆ) ಬದಲಿಸಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 106ರಲ್ಲಿ (1990) ಕಾರಿಗೆ 1, ಬೈಕಿಗೆ 0.5ರಿಂದ 0.75, ಆಟೋಗೆ 1.2ರಿಂದ 2. ಆ ಬಗೆಯ ಗಾಡಿಯ ಪಾಲು ಜಾಸ್ತಿ ಇದ್ದರೆ ದೊಡ್ಡ ಅಂಕಿ ಹಿಡಿಯಿರಿ. ಟಾಂಗಾಕ್ಕೂ 1.5ರಿಂದ 2 ಇದೆ! ಗೋಳಗುಮ್ಮಟದ ಕಡೆಯ ಸಿಗ್ನಲ್ ಆದರೆ ಅದನ್ನು ಬಿಡಬೇಡಿ.

ಗೆರೆ ದಾಟಿದ ಗಾಡಿ ಮಾತ್ರ ಎಣಿಸಿದರೂ ಸಾಲದು. ಹಸಿರು ಹೋದಾಗ ಹಿಂದೆ ಎಷ್ಟು ಉಳಿದವು ಅಂತಲೂ ಬರೆಯಿರಿ. ಸಿಗ್ನಲ್ ದಾಟಿದ ಕೂಡಲೇ ಒಂದು ಆಟೋ ನಿಲ್ಲುತ್ತೆ, ಆರು ಮಕ್ಕಳು ಇಳೀತಾರೆ, ಒಬ್ಬನ ಬ್ಯಾಗಿನ ಪಟ್ಟಿ ಸರಳಿಗೆ ಸಿಕ್ಕಿಕೊಳ್ಳುತ್ತೆ. ಅಷ್ಟರಲ್ಲಿ ಹಿಂದಿನವರ ಹಸಿರೇ ಮುಗಿದಿರುತ್ತೆ, ಅಲ್ವಾ? ಅಂಥ ಪ್ರತಿ ನಿಲುಗಡೆಯ ಸೆಕೆಂಡು ಬರೆದಿಡಿ. ನಿಮ್ಮ ವರದಿಯ ಜೀವ ಅಲ್ಲೇ ಇದೆ.