ಮಗಳಿಗೆ ಉದ್ದ ಹೆಸರು ಇಡುತ್ತೀರಾ? ಮೊದಲು ಹಿತ್ತಲ ಬಾಗಿಲಲ್ಲಿ ನಿಂತು ಕೂಗಿ ನೋಡಿ

ಈ ಸಲ ಹೆಣ್ಣುಮಕ್ಕಳ ಹೆಸರಿನ ಬಗ್ಗೆ ನಾಲ್ಕು ಪ್ರಶ್ನೆ ತೆಗೆದುಕೊಂಡಿದ್ದೇನೆ. ಮೊದಲನೆಯದರ ಉತ್ತರ ಉದ್ದವಾಗಿದೆ. ಅದನ್ನೇ ಬೇರೆ ಬೇರೆ ಮಾತಿನಲ್ಲಿ ಬಹಳ ಜನ ಕೇಳಿದ್ದಾರೆ.

ಪ್ರಶ್ನೆ: ಮಗಳು ಹುಟ್ಟಿ ಮೂರು ವಾರ ಆಯಿತು. ಉದ್ದವಾದ, ಅಪರೂಪದ ಹೆಸರು ಇಡಬೇಕು ಅಂತ ಆಸೆ. ಮೊಬೈಲಿನಲ್ಲಿ ಸಿಗುವ ಪಟ್ಟಿಗಳಲ್ಲಿ ಎಲ್ಲಾ ಒಂದೇ ಥರದ ಹೆಸರು. ನಮ್ಮ ಅತ್ತೆಯವರು 'ಉದ್ದ ಹೆಸರು ಯಾರೂ ಪೂರ್ತಿ ಕರೆಯಲ್ಲ, ಸುಮ್ನೆ ಯಾಕೆ' ಅನ್ನುತ್ತಾರೆ. ಏನು ಮಾಡಲಿ? (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಅತ್ತೆಯವರು ಹೇಳುವುದು ಅರ್ಧ ನಿಜ. ಉದ್ದ ಹೆಸರನ್ನು ಜನ ಮೊಟಕು ಮಾಡಿಯೇ ಕರೆಯುತ್ತಾರೆ. ಅದಕ್ಕಾಗಿ ನೀವು ಆಸೆ ಬಿಡಬೇಕಾಗಿಲ್ಲ. ಎಲ್ಲಿ ಮೊಟಕು ಮಾಡಬೇಕು ಅನ್ನುವುದನ್ನು ನೀವೇ ಮೊದಲು ತೀರ್ಮಾನ ಮಾಡಿ. ನೀವು ಮಾಡದಿದ್ದರೆ ಶಾಲೆಯ ಮಕ್ಕಳು ಮಾಡುತ್ತಾರೆ.

ನಾನು 30 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಒಂದು ವರ್ಷ ಎಂಟನೇ ಕ್ಲಾಸಿಗೆ ಒಬ್ಬ ಹುಡುಗಿ ಬಂದಳು. ಅಮೃತವರ್ಷಿಣಿ ಅಂತ ರಾಗದ ಹೆಸರು. ಹಾಜರಿ ಪುಸ್ತಕದಲ್ಲಿ ಜಾಗ ಸಾಲದೆ ಯಾರೋ 'ಅಮೃತ ವ' ಅಂತ ಬರೆದಿದ್ದರು. ಹಾಗೆ ಕೂಗಿದರೆ ಅವಳು ಎದ್ದು ನಿಲ್ಲುತ್ತಿರಲಿಲ್ಲ. 'ಮಿಸ್, ಪೂರ್ತಿ ಕರೀರಿ' ಅಂದಳು. ಮಾರನೇ ದಿನದಿಂದ ಪೂರ್ತಿ ಕರೆದೆ. ಒಂದು ವಾರದಲ್ಲಿ ಇಡೀ ಕ್ಲಾಸಿನ ಬಾಯಲ್ಲಿ ಆ ಹೆಸರು ಕೂತುಬಿಟ್ಟಿತು. ಅದನ್ನು ಇಂಗ್ಲಿಷಿನಲ್ಲಿ ಬರೆದರೆ 15 ಅಕ್ಷರ, ಕನ್ನಡದಲ್ಲಿ ಆರೇ ಅಕ್ಷರ. ಹೆಸರು ಉದ್ದವಾಯಿತು ಅಂತ ಗಾಬರಿಯಾಗುವವರು ಎಷ್ಟೋ ಸಲ ಇಂಗ್ಲಿಷ್ ಅಕ್ಷರ ಎಣಿಸಿ ಗಾಬರಿಯಾಗಿರುತ್ತಾರೆ.

ಎಲ್ಲಿ ಹುಡುಕಬೇಕು ಅಂದರೆ, ಮೊದಲು ರಾಗಗಳಲ್ಲಿ ಹುಡುಕಿ. ಹಂಸಧ್ವನಿ, ಆನಂದಭೈರವಿ, ಮಧ್ಯಮಾವತಿ, ಕೀರವಾಣಿ, ಚಾರುಕೇಶಿ, ಧರ್ಮವತಿ. ಅಮೃತವರ್ಷಿಣಿಯನ್ನು ಮುತ್ತುಸ್ವಾಮಿ ದೀಕ್ಷಿತರು ಹಾಡಿದಾಗ ಬರಗಾಲದ ಊರಿನಲ್ಲಿ ಮಳೆ ಬಂತು ಅನ್ನುವ ಕಥೆಯೂ ಇದೆ. ಮಗಳಿಗೆ ಮುಂದೆ ಹೇಳಿಕೊಳ್ಳಲು ಇಷ್ಟು ಒಳ್ಳೆಯ ಕಥೆ ಇನ್ನೆಲ್ಲಿ ಸಿಗುತ್ತದೆ? ಆದರೆ ರಾಗ ಅಂತ ಕಣ್ಣುಮುಚ್ಚಿ ಇಡಬೇಡಿ. ಮುಖಾರಿ ಶೋಕಕ್ಕೆ ಹೆಸರಾದ ರಾಗ.

ನನಗೆ ಬಹಳ ಇಷ್ಟವಾದ ಜಾಗ ಇನ್ನೊಂದಿದೆ. ಅಲ್ಲಿ ಹುಡುಕುವವರೇ ಕಡಿಮೆ. ಶಾಲೆಯಲ್ಲಿ ಛಂದಸ್ಸು ಬಾಯಿಪಾಠ ಮಾಡಿದ್ದು ನೆನಪಿದೆಯಾ? ಉತ್ಪಲಮಾಲೆ, ಚಂಪಕಮಾಲೆ, ಸ್ರಗ್ಧರೆ. ಪಂಪ, ರನ್ನರ ಕಾವ್ಯಗಳ ತುಂಬಾ ಈ ವೃತ್ತಗಳೇ. ಉತ್ಪಲಮಾಲಾ ಅಂದರೆ ನೈದಿಲೆ ಹೂವಿನ ಮಾಲೆ. ಚಂಪಕಮಾಲಾ ಅಂದರೆ ಸಂಪಿಗೆ ಮಾಲೆ. ಸ್ರಗ್ಧರಾ ಅಂದರೆ ಮಾಲೆ ತೊಟ್ಟವಳು, ಆದರೆ ಅದು ಚಿಕ್ಕ ಮಕ್ಕಳ ನಾಲಿಗೆಗೆ ಕಷ್ಟ. ವಸಂತತಿಲಕಾ, ಮಂದಾಕ್ರಾಂತಾ, ಶಿಖರಿಣಿ, ಮಾಲಿನಿ ಇವೂ ವೃತ್ತಗಳೇ. ಉತ್ಪಲಮಾಲಾ ಅಂತ ಹೆಸರಿಟ್ಟು ಮನೆಯಲ್ಲಿ ಉತ್ಪಲಾ ಅನ್ನಬಹುದು, ಚಂಪಕಮಾಲಾ ಮನೆಯಲ್ಲಿ ಚಂಪಾ ಆಗುತ್ತಾಳೆ. ಮೊಟಕು ಮಾಡಿದರೂ ಅರ್ಥ ಕೆಡುವುದಿಲ್ಲ. ಉದ್ದ ಹೆಸರಿನಲ್ಲಿ ನಾನು ಮೊದಲು ನೋಡುವುದೇ ಅದನ್ನು. ಇನ್ನೊಂದು ವಿಷಯ, ಹೆಣ್ಣುಮಗುವಿನ ಹೆಸರಿನಲ್ಲಿ ಬೆಸ ಸಂಖ್ಯೆಯ ಅಕ್ಷರ ಇರಬೇಕು ಅಂತ ಪಾರಸ್ಕರ ಗೃಹ್ಯಸೂತ್ರ ಅನ್ನುವ ಹಳೇ ಶಾಸ್ತ್ರಗ್ರಂಥ ಹೇಳುತ್ತದೆ. ಈ ಎರಡು ಮಾಲೆಗಳಲ್ಲೂ ಐದೈದು ಅಕ್ಷರ. ಶಾಸ್ತ್ರ ನೋಡುವ ಹಿರಿಯರಿದ್ದರೆ ಇದನ್ನು ಹೇಳಿ, ಬೇಗ ಒಪ್ಪುತ್ತಾರೆ.

ಆಮೇಲೆ ನಮ್ಮ ರಾಣಿಯರು. ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷ ದೇವಾಲಯ ನೋಡದೆ ಬರುವುದಿಲ್ಲ. ಎಂಟನೇ ಶತಮಾನದಲ್ಲಿ ಅದನ್ನು ಕಟ್ಟಿಸಿದ್ದು ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ದೇವಾಲಯ ಕಟ್ಟಿಸಿದ್ದು ತ್ರೈಲೋಕ್ಯಮಹಾದೇವಿ. ಇಬ್ಬರೂ ಚಾಲುಕ್ಯ ಎರಡನೇ ವಿಕ್ರಮಾದಿತ್ಯನ ರಾಣಿಯರು. ತ್ರೈಲೋಕ್ಯಮಹಾದೇವಿ, ಏಳು ಅಕ್ಷರ! ಈಗಿನ ಯಾವ ಕ್ಲಾಸಿನಲ್ಲೂ ಇನ್ನೊಬ್ಬಳು ಸಿಗುವುದು ಕಷ್ಟ. ಗೇರುಸೊಪ್ಪೆಯ ಚೆನ್ನಭೈರಾದೇವಿಯೂ ಇದ್ದಾಳೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅನ್ನುತ್ತಿದ್ದರು. ಇಂಥ ಹೆಸರು ಇಟ್ಟರೆ ಮಗಳನ್ನು ಒಮ್ಮೆ ಆ ಊರಿಗೆ ಕರೆದುಕೊಂಡು ಹೋಗಿ, ಆ ಕಲ್ಲಿನ ಕಂಬ ಮುಟ್ಟಿಸಿ.

ಲಲಿತಾ ಸಹಸ್ರನಾಮದಲ್ಲಿ ಸಾವಿರ ಹೆಸರಿವೆ, ಕದಂಬವನವಾಸಿನಿ ಅಂಥವು. ಆದರೆ ಅಲ್ಲಿಂದ ಆರಿಸುವಾಗ ಅರ್ಥ ಬಲ್ಲವರನ್ನು ಒಂದು ಮಾತು ಕೇಳಿ. ಕಾದಂಬರಿ ಅಂತ ಹೆಸರಿಡುವವರು ಪುಸ್ತಕ ಅಂದುಕೊಂಡಿರುತ್ತಾರೆ. ಆದರೆ ಸಹಸ್ರನಾಮದ 'ಕಾದಂಬರೀಪ್ರಿಯಾ'ದಲ್ಲಿ ಆ ಮಾತಿಗೆ ಮದ್ಯ ಅಂತ ಅರ್ಥ. ಮೊಬೈಲಿನ ಪಟ್ಟಿಗಳನ್ನಂತೂ ಅರ್ಥದ ವಿಷಯಕ್ಕೆ ನಂಬಲೇಬೇಡಿ. ಮೃಣ್ಮಯಿ ಅಂದರೆ ಜಿಂಕೆಗಣ್ಣಿನವಳು ಅಂತ ಒಂದು ಕಡೆ ಓದಿದೆ. ಮೃಣ್ಮಯಿ ಅಂದರೆ ಮಣ್ಣಿನಿಂದ ಆದವಳು. ಅದೇನೂ ಕೆಟ್ಟ ಅರ್ಥವಲ್ಲ, ನನಗಂತೂ ಇಷ್ಟವೇ, ಆದರೆ ತಂದೆತಾಯಿಗೆ ಗೊತ್ತಿರಬೇಕು ಅಲ್ವಾ? ಕಿಟ್ಟೆಲ್ ನಿಘಂಟೋ ಸಾಹಿತ್ಯ ಪರಿಷತ್ತಿನ ನಿಘಂಟೋ ಒಮ್ಮೆ ತೆರೆದು ನೋಡಿ.

ಹೆಸರು ಆರಿಸಿದ ಮೇಲೆ ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು ಜೋರಾಗಿ ಐದು ಸಲ ಕೂಗಿ. ಐದನೇ ಸಲಕ್ಕೂ ಬಾಯಿಗೆ ಹಿತ ಅನ್ನಿಸಿದರೆ ಇಡಿ. ಮಧ್ಯೆ ನಾಲಿಗೆ ತಡವರಿಸಿದರೆ ಮುಂದಿನ ಹೆಸರಿಗೆ ಹೋಗಿ. ನಿಮ್ಮ ಅತ್ತೆಯವರ ಕೈಲೂ ಕೂಗಿಸಿ. ದಿನಾ ಕರೆಯುವವರು ಅವರೇ ತಾನೇ.

ಪ್ರಶ್ನೆ: ಮಗು ಆರ್ದ್ರಾ ನಕ್ಷತ್ರ, ಮೂರನೇ ಪಾದ. 'ಙ' ಅಕ್ಷರದಿಂದ ಹೆಸರಿಡಬೇಕು ಅಂತ ಜ್ಯೋತಿಷಿ ಹೇಳಿದರು. ಅಂಥ ಹೆಸರು ಇದೆಯಾ? (ತುಮಕೂರಿನ ಓದುಗರು)

ಉತ್ತರ: ಇಲ್ಲ. ಕನ್ನಡದಲ್ಲಿ ಯಾವ ಮಾತೂ ಙ ದಿಂದ ಶುರುವಾಗುವುದಿಲ್ಲ, ಸುಮ್ನೆ ಹುಡುಕಿ ಸುಸ್ತಾಗಬೇಡಿ. 27 ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ ಹಂಚಿ 108 ಅಕ್ಷರ ಮಾಡಿದ್ದಾರೆ. ಆರ್ದ್ರೆಗೆ ಕು, ಘ, ಙ, ಛ ಬಂದಿದೆ. ಹಸ್ತ ನಕ್ಷತ್ರದವರಿಗೆ ಣ, ಠ ಬರುತ್ತದೆ, ಅವರದ್ದೂ ಇದೇ ಕಷ್ಟ. ಆದರೆ ನಾಮಕರಣದಲ್ಲಿ ಮಗುವಿಗೆ ಒಂದೇ ಹೆಸರು ಇಡುವುದಿಲ್ಲ. ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಅಂತ ನಾಲ್ಕು ಇವೆ. ನಕ್ಷತ್ರದ ಹೆಸರು ಪೂಜೆಗೆ ಇರಲಿ. ಕರೆಯುವುದು ವ್ಯವಹಾರನಾಮದಿಂದ, ಅದನ್ನು ನಿಮಗಿಷ್ಟವಾದ ಅಕ್ಷರದಿಂದ ಇಡಿ. ಆರ್ದ್ರೆಯ ಅಕ್ಷರವೇ ಬೇಕು ಅಂದರೆ 'ಕು'ದಲ್ಲಿ ಕುಮುದ್ವತಿ ಇದೆ. ಶಿವಮೊಗ್ಗದ ಕಡೆ ಆ ಹೆಸರಿನ ನದಿಯೇ ಹರಿಯುತ್ತದೆ.

ಪ್ರಶ್ನೆ: ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಮುಂದಿನ ವರ್ಷ ಅಮೆರಿಕಕ್ಕೆ ಹೋಗುತ್ತೇವೆ. ಉದ್ದ ಹೆಸರಿಟ್ಟರೆ ಪಾಸ್‌ಪೋರ್ಟಿಗೆ ತೊಂದರೆಯಾ? (ಮೈಸೂರಿನ ಓದುಗರು)

ಉತ್ತರ: ಉದ್ದದಿಂದ ತೊಂದರೆ ಇಲ್ಲ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದಂಥ ಗುರುತು ತುಂಬಿದ ಎರಡು ಸಾಲು ಇರುತ್ತವೆ, ನೋಡಿ. ಅಲ್ಲಿ ಹೆಸರಿಗೆ ಅಂತ 39 ಅಕ್ಷರದ ಜಾಗ ಇದೆ. ತ್ರೈಲೋಕ್ಯಮಹಾದೇವಿ ಇಂಗ್ಲಿಷಿನಲ್ಲಿ 17 ಅಕ್ಷರ. ಅಪ್ಪನ ಹೆಸರು ಸೇರಿಸಿದರೂ ಸಾಮಾನ್ಯವಾಗಿ ಹಿಡಿಯುತ್ತದೆ.

ತೊಂದರೆ ಬರುವುದು ಬೇರೆ ಕಡೆ. ನಮ್ಮ ಕಡೆ ಮನೆತನದ ಹೆಸರು ಇಲ್ಲದವರು ಜಾಸ್ತಿ, ಇನಿಷಿಯಲ್ ಮಾತ್ರ ಇರುತ್ತದೆ. ಅಂಥವರು ಪೂರ್ತಿ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದು ಗಿವನ್ ನೇಮ್ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಮಗುವಿನ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ, ಅಂದರೆ ಹೆಸರು ಗೊತ್ತಿಲ್ಲ ಅಂತ. ಅಷ್ಟು ಆಸೆಯಿಂದ ಹುಡುಕಿ ಇಟ್ಟ ಹೆಸರಿಗೆ ಹೀಗಾಗಬಾರದು. ಮಗಳ ಹೆಸರು ಗಿವನ್ ನೇಮ್‌ನಲ್ಲೇ ಇರಲಿ. ಇನಿಷಿಯಲ್ ಬೇಡ, ಅಪ್ಪನ ಅಥವಾ ಅಮ್ಮನ ಹೆಸರನ್ನು ಬಿಡಿಸಿ ಸರ್‌ನೇಮ್‌ನಲ್ಲಿ ಬರೆಯಿರಿ.

ಜನನ ನೋಂದಣಿ ಆದ 12 ತಿಂಗಳ ಒಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ. ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ನೀವು ತಡ ಮಾಡಬೇಡಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಈ ಪತ್ರವೇ ಆಧಾರ. ಇಂಗ್ಲಿಷ್ ಕಾಗುಣಿತವನ್ನು ಮೊದಲು ಒಂದು ಕಾಗದದ ಮೇಲೆ ಬರೆದು ಮನೆಯವರೆಲ್ಲ ನೋಡಿ. 'ತ'ಕ್ಕೆ ಎಚ್ ಸೇರಿಸುವುದಾ ಬೇಡವಾ, ಕೊನೆಗೆ ಎ ಒಂದಾ ಎರಡಾ, ಇಷ್ಟರಲ್ಲೇ ಮುಂದೆ ಅಂಕಪಟ್ಟಿಗೂ ಆಧಾರ್‌ಗೂ ತಾಳೆಯಾಗದೆ ಮಕ್ಕಳು ಅಫಿಡವಿಟ್ ಹಿಡಿದು ಓಡಾಡುವುದನ್ನು ಎಸ್‌ಎಸ್‌ಎಲ್‌ಸಿ ಫಾರಂ ತುಂಬಿಸುವಾಗ ಪ್ರತಿ ವರ್ಷ ನೋಡಿದ್ದೇನೆ. ಉದ್ದ ಹೆಸರಿನಲ್ಲಿ ತಪ್ಪುವ ಜಾಗ ಇನ್ನೂ ಜಾಸ್ತಿ.

ಪ್ರಶ್ನೆ: ಮಾವನವರಿಗೆ ಅವರ ತಾಯಿಯ ಹೆಸರು, ಚೆನ್ನಬಸಮ್ಮ, ಮಗುವಿಗೆ ಇಡಬೇಕು ಅಂತ. ನನಗೆ ಅಪರೂಪದ್ದು ಬೇಕು. ಹೇಗೆ ಹೇಳಲಿ? (ಹಾವೇರಿಯ ಓದುಗರು)

ಉತ್ತರ: ನಿಮ್ಮ ಮಗಳ ವಾರಿಗೆಯ ಮಕ್ಕಳಲ್ಲಿ ಎಷ್ಟು ಜನ ಚೆನ್ನಬಸಮ್ಮ ಇದ್ದಾರೆ, ಹೇಳಿ? ನೀವು ಕೇಳುವ ಅಪರೂಪದ ಹೆಸರು ಮನೆಯಲ್ಲೇ ಇದೆ. 'ಚೆನ್ನ' ಅಚ್ಚ ಕನ್ನಡದ ಮಾತು, ಅಂದವಾದದ್ದು ಅಂತ. ಕೊನೆಯ 'ಅಮ್ಮ' ಕೇಳಿ ಹಳೇ ಕಾಲದ್ದು ಅಂತ ಮುಖ ಸಣ್ಣ ಮಾಡಿಕೊಳ್ಳುತ್ತೇವೆ, ಆದರೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯ ಹೆಸರಿನಲ್ಲಿರುವ 'ಅಬ್ಬೆ'ಗೂ ತಾಯಿ ಅಂತಲೇ ಅರ್ಥ.

ಹಾಗೇ ಇಡಲು ಮನಸ್ಸು ಒಪ್ಪದಿದ್ದರೆ ಒಂದು ಹಳೇ ದಾರಿ ಇದೆ. ಬಸವಣ್ಣನವರ ಮಡದಿಯರ ಹೆಸರು ನೋಡಿ, ಗಂಗಾಂಬಿಕೆ, ನೀಲಾಂಬಿಕೆ. ನೀಲಮ್ಮ ಅಂದರೂ ನೀಲಾಂಬಿಕೆ ಅಂದರೂ ಒಬ್ಬರೇ. ಅದೇ ರೀತಿ ನಿಮ್ಮ ಮಗಳು ಚೆನ್ನಬಸವಾಂಬಿಕಾ ಆಗಬಹುದು. ಏಳು ಅಕ್ಷರ, ಬೆಸ ಸಂಖ್ಯೆ. ಮನೆಯಲ್ಲಿ ಅಂಬಿಕಾ ಅನ್ನಿ, ಅಂಬು ಅನ್ನಿ, ನಿಮ್ಮಿಷ್ಟ. ನಿಮ್ಮ ಕಡೆ ಸೋದರತ್ತೆ ಮಗುವಿನ ಕಿವಿಯಲ್ಲಿ 'ಕುರ್' ಅಂದು ಹೆಸರು ಹೇಳುವಾಗ ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರಲ್ಲ, ಆ ಗಲಾಟೆ ಮುಗಿದ ಮೇಲೆ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಯುವ ಕೆಲಸವನ್ನು ಮಾವನವರಿಗೆ ಬಿಡಿ. ತಟ್ಟೆ ಮಾತ್ರ ಸ್ವಲ್ಪ ದೊಡ್ಡದು ತೆಗೆದುಕೊಳ್ಳಿ.