ವರ್ಷಕ್ಕೊಮ್ಮೆ ಬರುವ ಅರ್ತ್ ಅವರ್‌ಗೆ ಒಂದು ಗಂಟೆ ದೀಪ ಆರಿಸಿದರೆ ಕರೆಂಟ್ ನಿಜವಾಗಿ ಉಳಿಯುತ್ತಾ? ಕೊಡಗಿನಲ್ಲಿ ಇದರಿಂದ ಏನು ಉಪಯೋಗ?

ಉಳಿಯುತ್ತೆ, ಆದರೆ ಲೆಕ್ಕಕ್ಕೆ ಬಾರದಷ್ಟು. ಮನೆಯಲ್ಲಿ 9 ವ್ಯಾಟಿನ ಹತ್ತು ಎಲ್‌ಇಡಿ ಬಲ್ಬ್ ಇದೆ ಅಂದುಕೊಳ್ಳಿ. ಎಲ್ಲವನ್ನೂ ಒಂದು ಗಂಟೆ ಆರಿಸಿದರೆ ಉಳಿಯೋದು 0.09 ಯೂನಿಟ್. 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಖಾಲಿ. ಅಂದರೆ ಹನ್ನೊಂದು ವರ್ಷ ಅರ್ತ್ ಅವರ್ ಆಚರಿಸಿ ಉಳಿಸಿದ್ದು ಒಂದು ಬೆಳಗಿನ ಸ್ನಾನಕ್ಕೆ ಸರಿಹೋಯ್ತು!

2007ರಲ್ಲಿ ಸಿಡ್ನಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ ಅನ್ನೋ ಪರಿಸರ ಸಂಸ್ಥೆ ಇದನ್ನು ಶುರು ಮಾಡಿದ್ದು ಮುಖ್ಯವಾಗಿ ಹವಾಮಾನ ಬದಲಾವಣೆಯ ಕಡೆ ಜನರ ಗಮನ ಸೆಳೆಯೋಕೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕತ್ತಲಲ್ಲಿ ಕೂರುವ ನಮಗೆ ಇದು ತಮಾಷೆ ಅನಿಸೋದು ಸಹಜ ಬಿಡಿ.

ಆದರೂ ಸುಮ್ನೆ ತಳ್ಳಿಹಾಕಬೇಡಿ. ಗಮನ ಸರಿಯಾದ ಕಡೆ ಹೋದರೆ ಲಾಭ ಇದೆ. ಇಲ್ಲಿ ಫ್ಯಾನ್, ಎಸಿಗಿಂತ ಬಿಸಿನೀರಿನ ಖರ್ಚೇ ಜಾಸ್ತಿ, ಅಲ್ವಾ? ಹೋಂಸ್ಟೇಗಳಲ್ಲಿ ರೂಮಿಗೊಂದು ಗೀಸರ್. ಸ್ವಿಚ್ ಹಾಕಿಯೇ ಬಿಟ್ಟರೆ ಯಾರೂ ಸ್ನಾನ ಮಾಡದಿದ್ದರೂ ಚಳಿಗೆ ನೀರು ಆರುತ್ತೆ, ಅದು ಮತ್ತೆ ಕಾಯಿಸುತ್ತೆ, ದಿನವಿಡೀ ಇದೇ ಕಥೆ. ಸೋಲಾರ್ ಒಳ್ಳೆಯದು, ಆದರೆ ಜುಲೈ ಮೋಡದಲ್ಲಿ ಅದನ್ನು ನಂಬೋಕಾಗಲ್ಲ.

ಶಾಲೆಯಲ್ಲಿ ಅರ್ತ್ ಅವರ್ ಮಾಡಿಸೋದಾದ್ರೆ ಮೇಣದಬತ್ತಿ ಬೇಡ (ಅದೂ ಹೆಚ್ಚಾಗಿ ಪೆಟ್ರೋಲಿಯಂನದ್ದೇ). ದೀಪ ಆರಿಸುವ ಮುಂಚೆ, ಆಮೇಲೆ ಮಕ್ಕಳಿಂದ ಮನೆಯ ಮೀಟರ್ ರೀಡಿಂಗ್ ಬರೆಸಿ. ಮರುದಿನ ಗೀಸರ್ ಹಾಕುವ ಮುಂಚೆ, ಆಫ್ ಮಾಡಿದ ಮೇಲೆ ಇನ್ನೊಮ್ಮೆ ಬರೆಸಿ.