ಟ್ಯಾಪೆಟ್ ಸರಿ ಇದೆ, ಟ್ರ್ಯಾಕ್ಟರ್ ಮಾತ್ರ ಎಳೆಯುತ್ತಿಲ್ಲ

ಪ್ರಶ್ನೆ: ಸಾರ್, ನಮ್ಮದು ಮೂರು ಸಿಲಿಂಡರ್‌ನ ಹಳೇ ಟ್ರ್ಯಾಕ್ಟರ್. ಕಬ್ಬು ತುಂಬಿ ಏರು ಹತ್ತುವಾಗ ದಮ್ಮೇ ಇಲ್ಲ, ಕಪ್ಪು ಹೊಗೆ ಬೇರೆ. ನಾಝಲ್, ಏರ್ ಫಿಲ್ಟರ್ ಸರಿ ಇವೆ, ಟ್ಯಾಪೆಟ್ ಸೆಟ್ಟಿಂಗೂ ಆಯ್ತು. ಕ್ಯಾಮ್‌ಶಾಫ್ಟ್ ಸವೆದಿದೆ, ಎಂಜಿನ್ ಇಳಿಸಬೇಕು ಅಂತಾರೆ ಮೆಕ್ಯಾನಿಕ್. ಬಿಚ್ಚದೆ ತಿಳಿಯೋದು ಹೇಗೆ?
– ಓದುಗರು, ಪಾಂಡವಪುರ

ಉತ್ತರ: ಸುಮ್ನೆ ಇಳಿಸಬೇಡಿ, ಮೊದಲು ಅಳೆಯಿರಿ. ನಿಮ್ಮ ಮೆಕ್ಯಾನಿಕ್ ಅನುಮಾನ ತಪ್ಪೇನಲ್ಲ. ಕ್ಯಾಮ್‌ಶಾಫ್ಟ್ ಅಂದರೆ ತಿರುಗುತ್ತಾ ವಾಲ್ವ್ ತೆರೆಸುವ ಶಾಫ್ಟ್, ಅದರ ಮೇಲಿನ ಉಬ್ಬುಗಳೇ ಲೋಬ್, ಲೋಬ್ ಮೇಲೆ ಕೂತು ಏಳುವ ಭಾಗ ಟ್ಯಾಪೆಟ್. ಟ್ಯಾಪೆಟ್ ಗ್ಯಾಪ್ ನೋಡುವುದು ಲೋಬ್‌ನ ದುಂಡು ಭಾಗ ಟ್ಯಾಪೆಟ್ ಕೆಳಗೆ ಇರುವಾಗ, ಆದರೆ ಜಾಸ್ತಿ ಸವೆಯುವುದು ಲೋಬ್‌ನ ತುದಿ, ಯಾಕೆಂದರೆ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ಹಾಗಾಗಿ ತುದಿ ಎಷ್ಟೇ ಸವೆದರೂ ಗ್ಯಾಪ್ ಅಳೆಯುವ ತೆಳು ಪಟ್ಟಿಗೆ, ಅಂದರೆ ಫೀಲರ್ ಗೇಜ್‌ಗೆ, ಅದು ಗೊತ್ತಾಗುವುದೇ ಇಲ್ಲ. ಇನ್‌ಲೆಟ್ ವಾಲ್ವ್ ಕಡಿಮೆ ತೆರೆದರೆ ಗಾಳಿ ಸಾಲದು, ಕಪ್ಪು ಹೊಗೆ ಬರುತ್ತದೆ.

ಬೇಕಾಗಿರುವುದು 0.01 ಮಿ.ಮೀ. ತೋರಿಸುವ ಡಯಲ್ ಗೇಜ್, ಅದನ್ನು ಹಿಡಿಯಲು ಮ್ಯಾಗ್ನೆಟ್ ಸ್ಟ್ಯಾಂಡ್. ಲೇತ್ ಕೆಲಸದವರ ಹತ್ತಿರ ಸಾಮಾನ್ಯವಾಗಿ ಇರುತ್ತದೆ, ಮಂಡ್ಯದಲ್ಲೇ ವಿಚಾರಿಸಿ. ವಾಲ್ವ್ ಒತ್ತುವ ಸನ್ನೆಗಳನ್ನು (ರಾಕರ್) ಹಿಡಿದಿರುವ ರಾಕರ್ ಶಾಫ್ಟ್ ತೆಗೆಯಿರಿ, ಟ್ಯಾಪೆಟ್‌ನಿಂದ ರಾಕರ್‌ಗೆ ಹೋಗುವ ಪುಶ್ ರಾಡ್‌ಗಳು ಟ್ಯಾಪೆಟ್ ಮೇಲೆ ಸರಿಯಾಗಿ ಕೂತಿರಲಿ. ನಾಝಲ್‌ಗಳನ್ನೂ ಬಿಚ್ಚಿದರೆ ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಗೇಜ್‌ನ ಒತ್ತುಕಡ್ಡಿಯ ತುದಿಯನ್ನು ರಾಡ್ ತಲೆಗೆ ನೇರವಾಗಿ ಕೊಡಿ, ಓರೆಯಾದರೆ ಲೆಕ್ಕ ತಪ್ಪುತ್ತದೆ. ರಾಡ್ ಪೂರ್ತಿ ಕೆಳಗಿದ್ದಾಗ ಸೊನ್ನೆಗೆ ಇಟ್ಟು ಕ್ರ್ಯಾಂಕ್ ಅನ್ನು ನಿಧಾನವಾಗಿ ಎರಡು ಸುತ್ತು ತಿರುಗಿಸಿ, ಆಗ ಕ್ಯಾಮ್ ಒಂದು ಸುತ್ತು ಬರುತ್ತದೆ. ಅತಿ ಹೆಚ್ಚು ತೋರಿಸಿದ್ದೇ ಆ ಲೋಬ್‌ನ ಲಿಫ್ಟ್, ಅಂದರೆ ಅದು ಎತ್ತುವ ಎತ್ತರ. ಮುಳ್ಳು ಮತ್ತೆ ಸೊನ್ನೆಗೆ ಬರದಿದ್ದರೆ ಗೇಜ್ ಜರುಗಿದೆ, ಇನ್ನೊಮ್ಮೆ ಮಾಡಿ.

ಆರೂ ಲೋಬ್ ಬರೆದುಕೊಳ್ಳಿ. ಇನ್‌ಲೆಟ್ಟನ್ನು ಇನ್‌ಲೆಟ್ ಜೊತೆಗೇ ಹೋಲಿಸಿ, ಎಕ್ಸಾಸ್ಟ್ ಲೋಬ್ ಆಕಾರ ಬೇರೆ ಇರಬಹುದು. ಎರಡು ಲೋಬ್ 7.2 ತೋರಿಸಿ ಮೂರನೆಯದು 6.6 ತೋರಿಸಿದರೆ ಅನುಮಾನವೇ ಬೇಡ. ರಾಕರ್ ಅನುಪಾತ (ರಾಡ್ ಚಲನೆಯನ್ನು ರಾಕರ್ ಹೆಚ್ಚಿಸುವ ಪಟ್ಟು) 1.5 ಇದ್ದರೆ ಈ 0.6 ವಾಲ್ವ್ ಹತ್ತಿರ 0.9 ಮಿ.ಮೀ. ನಷ್ಟ! ಮೂರೂ ಒಂದೇ ಇದ್ದರೂ ಕಂಪನಿ ಮ್ಯಾನ್ಯುಯಲ್ ಅಳತೆಗೆ ಹೋಲಿಸಲೇಬೇಕು, ಎಲ್ಲವೂ ಸಮವಾಗಿ ಸವೆದಿರಬಹುದು ಅಲ್ವಾ?

ಸವೆದಿದೆ ಅಂತ ಖಚಿತವಾದರೆ ಕ್ಯಾಮ್ ಜೊತೆ ಟ್ಯಾಪೆಟ್‌ಗಳನ್ನೂ ಹೊಸದೇ ಹಾಕಿಸಿ. ಇದರಲ್ಲಿ ದಯವಿಟ್ಟು ಉಳಿತಾಯ ನೋಡಬೇಡಿ. ತಳ ಗುಳಿಬಿದ್ದ ಹಳೇ ಟ್ಯಾಪೆಟ್ ಹೊಸ ಲೋಬನ್ನೂ ಬೇಗ ತಿಂದುಹಾಕುತ್ತದೆ. ಜೋಡಿಸುವಾಗ ಲೋಬ್‌ಗಳಿಗೆ ಅಸೆಂಬ್ಲಿ ಲೂಬ್ ಎಂಬ ಜಾರುಲೇಪ ಹಚ್ಚಿದ್ದಾರಾ ಅಂತ ಎದುರಿಗೇ ನಿಂತು ನೋಡಿ.